ಮರಡಿಯ ಮಾಕಳಿಯನ್ನು ಬೀಜದಿಂದ ಬೆಳೆಸಿದ್ದು

ಮಾಕಳಿ ಬೇರಿನ ಉಪ್ಪಿನಕಾಯಿ ಎಲ್ಲರಿಗೂ ಗೊತ್ತು. ಆ ಬಳ್ಳಿ ತೋರಿಸಿ ಅಂದರೆ ತೋರಿಸುವವರು ಕಡಿಮೆ. ಸಂತೆಗೆ ಬರುವ ಬೇರು ಹೆಚ್ಚಾಗಿ ಗುಡ್ಡದಲ್ಲಿ ಅಗೆದು ತಂದದ್ದು. ಬೇರು ಕಿತ್ತರೆ ಬಳ್ಳಿಯೇ ಹೋಯಿತು, ಅದರ ಬೀಜವೂ ಹೋಯಿತು. ಅಳಿವಿನಂಚಿನ ಕೆಂಪು ಪಟ್ಟಿಗೆ ಮಾಕಳಿ ಸೇರಿರುವುದು ಸುಮ್ನೆ ಅಲ್ಲ.

ಮಾಕಳಿಯನ್ನು ಬೀಜದಿಂದ ಬೆಳೆಸಲು ಎಲ್ಲಿಂದ ಶುರು ಮಾಡಬೇಕೆಂದು ನನಗೆ ಹೊಳೆದದ್ದು ಕೆರಿಬಿಯನ್ ಸಮುದ್ರದ ಕೇಮನ್ ದ್ವೀಪದ ಕಾಡು ಸೇಜ್ ಬಗ್ಗೆ ಓದಿದಾಗ. ಅದು ನಮ್ಮ ತುಳಸಿಯ ಕುಟುಂಬದ ಗಿಡ. 1967ರ ನಂತರ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಚಿತ್ರ ಅಂಟಿಸಿ, ಕಂಡವರು ತಿಳಿಸಿ ಎಂದು ಊರವರನ್ನು ಕೇಳಿದ ಮೇಲೆ 2007ರಲ್ಲಿ ಸಿಕ್ಕಿತು.

ನಾನೂ ಮೊಬೈಲಿನಲ್ಲಿ ಫೋಟೋ ಹಿಡಿದು ಚಿತ್ರದುರ್ಗದ ಸುತ್ತಲ ಕುರಿ ಕಾಯುವವರನ್ನು ಕೇಳಿದೆ. “ಇದಾ? ನಮ್ ಮರಡಿ ಹಿಂದ್ಗಡೆ ಬಂಡೆ ಸಂದೀಲಿ ಐತೆ, ಬಾರಪ್ಪ ತೋರಿಸ್ತೀನಿ” ಅಂದರು ಒಬ್ಬ ಅಜ್ಜ. ಮರಡಿ ಅಂದರೆ ಸಣ್ಣ ಗುಡ್ಡ. ಎಲೆ ಮುರಿದರೆ ಹಾಲು ಬಂತು. ಅದೇ ಮಾಕಳಿ! ಜೋಗಿಮಟ್ಟಿ ವನ್ಯಧಾಮದೊಳಗಿಂದ ಒಂದು ಕಡ್ಡಿಯನ್ನೂ ತರುವಂತಿಲ್ಲ, ತರಲೂಬಾರದು. ಈ ಮರಡಿ ಪಟ್ಟಾ ಜಮೀನಿನದು. ಮಾಲೀಕರನ್ನು ಕೇಳಿಯೇ ಬೀಜ ತಂದೆ.

ಬೀಜದ್ದೇ ದೊಡ್ಡ ಕೆಲಸ. ಕಾಯಿ ಕೊಂಬಿನ ಹಾಗೆ ಜೋಡಿಯಾಗಿರುತ್ತದೆ. ಒಣಗಿ ಬಿರಿದರೆ ಎಕ್ಕದ ಬೀಜದಂತೆ ಹತ್ತಿ ಸಮೇತ ಹಾರಿಹೋಗುತ್ತದೆ. ಅದಕ್ಕೇ ಕಾಯಿ ಬಲಿತ ಕೂಡಲೇ ತೆಳು ಬಟ್ಟೆಯ ಚೀಲ ಕಟ್ಟಿದೆ. ಎಲ್ಲ ಕಾಯಿಗೂ ಅಲ್ಲ. ಒಂದಷ್ಟು ಗಾಳಿಗೆ ಹಾರಲೇಬೇಕು, ಮರಡಿಗೂ ಬೀಜ ಬೇಕಲ್ವಾ? ಬೀಜ ಇಟ್ಟಷ್ಟೂ ಮೊಳಕೆಯ ಶಕ್ತಿ ಕಳೆದುಕೊಳ್ಳುತ್ತದೆ. ತಂದ ಕೂಡಲೇ ಕೆಮ್ಮಣ್ಣು, ಮರಳು, ಹಳೆ ಗೊಬ್ಬರ ಬೆರೆಸಿದ ಚೀಲಗಳಲ್ಲಿ ಮೇಲ್ಮೇಲೆ ಬಿತ್ತಿ ಅರೆನೆರಳಲ್ಲಿ ಇಟ್ಟೆ. ನೀರು ಜಾಸ್ತಿ ಆದರೆ ಕೊಳೆಯುತ್ತದೆ.

ಜೂನ್‌ನಲ್ಲೇ ನಾಟಿ ಮಾಡಿ ಅಂತ ಹಲವರು ಹೇಳುತ್ತಾರೆ. ಅದು ಮಲೆನಾಡಿನ ಲೆಕ್ಕ. ನಮ್ಮಲ್ಲಿ ಒಳ್ಳೆಯ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆಗಲೇ ಹೊಲದ ಕಲ್ಲುಬದುವಿನಲ್ಲಿ, ಹಬ್ಬಲು ಪೊದೆ ಇರುವ ಕಡೆ ನೆಟ್ಟು, ಸುತ್ತ ಜಾಲಿಮುಳ್ಳು ಇಟ್ಟೆ.

ಬೇರು ಅಗೆಯುವವರೂ ನಮ್ಮ ಊರುಗಳವರೇ, ಅದು ಅವರ ದುಡಿಮೆ. ಬೈದು ಪ್ರಯೋಜನವಿಲ್ಲ. ಅವರಿಗೂ ಸಸಿ ಕೊಟ್ಟಿದ್ದೇನೆ. ಬಳ್ಳಿ ಬಲಿತ ಮೇಲೆ ಒಂದು ಪಕ್ಕದ ಬೇರಷ್ಟೇ ತೆಗೆದು ಮಣ್ಣು ಮುಚ್ಚಿ ಅಂತ ಹೇಳಿದ್ದೇನೆ. ಅದಕ್ಕೆ ಕೆಲವು ವರ್ಷ ಬೇಕು. ಅಲ್ಲಿವರೆಗೆ ನಮ್ಮ ಮನೆಯಲ್ಲಿ ಮಾಕಳಿ ಉಪ್ಪಿನಕಾಯಿ ಹಾಕುವುದಿಲ್ಲ.