ಗೆಣ್ಣು ನೋಡಿ ಕತ್ತರಿಸಿ, ಮನಿ ಪ್ಲಾಂಟ್ ತಾನಾಗೇ ಹಬ್ಬುತ್ತದೆ

ಮನಿ ಪ್ಲಾಂಟ್ ಕದ್ದು ತಂದರೇ ಚೆನ್ನಾಗಿ ಬರುತ್ತದೆ ಎನ್ನುವ ಮಾತಿದೆ. ಕದಿಯುವುದು ಬೇಡ, ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಎಲ್ಲಿ ಕತ್ತರಿಸಬೇಕು ಅನ್ನುವುದು ಮಾತ್ರ ಗೊತ್ತಿರಬೇಕು. ಬರೀ ಒಂದು ಎಲೆ ಕಿತ್ತು ನೀರಿಗೆ ಹಾಕುವವರೇ ಜಾಸ್ತಿ. ಅದು ವಾರಗಟ್ಟಲೆ ಹಸಿರಾಗಿಯೇ ಇರುತ್ತದೆ, ಆದರೆ ಬಳ್ಳಿಯಾಗುವುದಿಲ್ಲ.

ಬಳ್ಳಿಯನ್ನು ಕೈಯಲ್ಲಿ ಹಿಡಿದು ನೋಡಿ. ಎಲೆಯ ತೊಟ್ಟು ಬಳ್ಳಿಗೆ ಸೇರುವಲ್ಲಿ ಕಬ್ಬಿಗಿರುವಂತೆ ಒಂದು ಗೆಣ್ಣು ಇರುತ್ತದೆ. ಅಲ್ಲೇ ಕಂದು ಬಣ್ಣದ ಚಿಕ್ಕದೊಂದು ಉಬ್ಬು ಕಾಣುತ್ತದೆ. ಬೇರು ಬರುವುದು ಅಲ್ಲಿಂದ. ಹೊಸ ಚಿಗುರು ಒಡೆಯುವುದೂ ಗೆಣ್ಣಿನಿಂದಲೇ.

ಎರಡು ಮೂರು ಎಲೆ ಇರುವ ತುಂಡು ಆರಿಸಿಕೊಳ್ಳಿ. ಗೆಣ್ಣಿಗಿಂತ ಅರ್ಧ ಇಂಚು ಕೆಳಗೆ, ಶುಚಿಯಾದ ಕತ್ತರಿಯಿಂದ ಕತ್ತರಿಸಿ. ಕೆಳಗಿನ ಎಲೆ ತೆಗೆದುಬಿಡಿ, ನೀರಲ್ಲಿ ಮುಳುಗಿದರೆ ಅದು ಕೊಳೆಯುತ್ತದೆ. ಗೆಣ್ಣು ಮಾತ್ರ ಮುಳುಗುವಂತೆ ಬಾಟಲಿಯಲ್ಲಿಡಿ. ಎಲೆಯ ಮೇಲೆ ಹಳದಿ ಪಟ್ಟೆ ಬೇಕಿದ್ದರೆ ಪಟ್ಟೆ ಚೆನ್ನಾಗಿರುವ ಬಳ್ಳಿಯಿಂದಲೇ ತುಂಡು ತೆಗೆಯಿರಿ. ಪೂರ್ತಿ ಹಸಿರು ಬಳ್ಳಿಯಿಂದ ಸಾಮಾನ್ಯವಾಗಿ ಹಸಿರೇ ಬರುತ್ತದೆ.

ಕಿಟಕಿಯ ಹತ್ತಿರ ಬೆಳಕಿರಲಿ, ನೇರ ಬಿಸಿಲು ಬೇಡ. ಮೂರು ನಾಲ್ಕು ದಿನಕ್ಕೊಮ್ಮೆ ನೀರು ಬದಲಿಸಿ. ಇದನ್ನು ಮರೆಯಲೇಬೇಡಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ಇಂಥ ತಿಳಿನೀರಿನಲ್ಲೇ. ಬಾಟಲಿಯ ಒಳಗೋಡೆಯನ್ನೂ ತಿಕ್ಕಿ ತೊಳೆಯಿರಿ, ಮೊಟ್ಟೆ ಅಲ್ಲಿ ಅಂಟಿಕೊಂಡಿರುತ್ತದೆ. ಬಣ್ಣದ ಗಾಜಿನ ಬಾಟಲಿಯಾದರೆ ಪಾಚಿಯೂ ಕಡಿಮೆ.

ಎರಡು ಮೂರು ವಾರದೊಳಗೆ ಬಿಳಿ ಬೇರು ಇಳಿಯುತ್ತದೆ. ಚಳಿಗಾಲದಲ್ಲಿ ಇನ್ನೂ ತಡವಾಗಬಹುದು, ಎಲೆ ಹಸಿರಾಗಿದ್ದರೆ ಸುಮ್ನೆ ಕಾಯಿರಿ. ಬೇರು ಎರಡು ಇಂಚಾದಾಗ ಕುಂಡಕ್ಕೆ ಹಾಕಿ. ಜಾಸ್ತಿ ದಿನ ನೀರಿನಲ್ಲೇ ಬಿಟ್ಟರೆ ಬೇರು ನೀರಿಗೇ ಹೊಂದಿಕೊಂಡು, ಮಣ್ಣಿಗೆ ಒಗ್ಗಲು ಕಷ್ಟಪಡುತ್ತದೆ.

ಕೆಂಪು ಮಣ್ಣು, ಗೊಬ್ಬರ, ತೆಂಗಿನ ನಾರಿನ ಪುಡಿ ಬೆರೆಸಿದರೆ ಸಾಕು. ಕುಂಡದ ತಳದಲ್ಲಿ ತೂತು ಇರಲೇಬೇಕು. ಒಂದೇ ಕುಂಡಕ್ಕೆ ನಾಲ್ಕೈದು ತುಂಡು ನೆಡಿ, ಆಗಲೇ ತುಂಬಿಕೊಂಡು ಕಾಣುವುದು. ಮೊದಲ ವಾರ ಮಣ್ಣು ಒಣಗಲು ಬಿಡಬೇಡಿ. ಆಮೇಲೆ ಮೇಲ್ಮಣ್ಣು ಒಣಗಿದಾಗಷ್ಟೇ ನೀರು. ಕತ್ತರಿಸಿದ ತಾಯಿಗಿಡದ ಬಗ್ಗೆ ಚಿಂತೆ ಬೇಡ, ಉಳಿದ ಗೆಣ್ಣಿನಿಂದ ಅದೂ ಚಿಗುರುತ್ತದೆ.

ಇದರ ಎಲೆ ಅಗಿದರೆ ಬಾಯಿ, ಗಂಟಲು ಉರಿಯುತ್ತದೆ. ಪುಟ್ಟ ಮಕ್ಕಳು, ನಾಯಿ, ಬೆಕ್ಕು ಇರುವ ಮನೆಯಲ್ಲಿ ಕುಂಡವನ್ನು ಎತ್ತರದಲ್ಲಿಡಿ. ಕತ್ತರಿಸಿದ ಮೇಲೆ ಕೈ ತೊಳೆದುಕೊಳ್ಳಿ.