ಮನೆಯಲ್ಲೇ ಹಾಯಿದೋಣಿ ಮಾಡುವವರು ಮೊದಲು ರಟ್ಟಿನಲ್ಲಿ ಮಾಡಿ ನೋಡಿ

ಮಕ್ಕಳ ಜೊತೆ ಸೇರಿ ಪ್ಲೈವುಡ್ ಹಾಯಿದೋಣಿ ಮಾಡಬೇಕು ಅಂತಿದ್ದೀರಾ? ಡಿಸೈನನ್ನು ಅಂಗಡಿಯಲ್ಲಿ ಸಿಗುವ 8 ಅಡಿ ಉದ್ದ, 4 ಅಡಿ ಅಗಲದ ಪ್ಲೈವುಡ್ ಹಾಳೆಯಿಂದಲೇ ಶುರು ಮಾಡಿ. 1947ರಲ್ಲಿ ಅಮೆರಿಕದ ದೋಣಿ ವಿನ್ಯಾಸಕ ಕ್ಲಾರ್ಕ್ ಮಿಲ್ಸ್ ಮಕ್ಕಳಿಗಾಗಿ ರೂಪಿಸಿದ ಆಪ್ಟಿಮಿಸ್ಟ್ ದೋಣಿ 8 ಅಡಿಯೊಳಗೇ ಇರುವುದು ಇದೇ ಕಾರಣಕ್ಕೆ. ಹಾಳೆಗೆ ಹಾಳೆ ಜೋಡಿಸಿ ಉದ್ದ ಮಾಡುವ ತಲೆನೋವೇ ಇರುವುದಿಲ್ಲ.

ಆಮೇಲೆ 1:10 ಅಳತೆಯಲ್ಲಿ ತೆಳು ರಟ್ಟಿನ ಮಾದರಿ ಮಾಡಿ, ಅಂಚುಗಳಿಗೆ ಟೇಪ್ ಹಾಕಿ. ಪ್ಲೈವುಡ್ ಉದ್ದಕ್ಕೆ ಬಾಗಿದರೆ ಅದೇ ಜಾಗದಲ್ಲಿ ಅಡ್ಡಕ್ಕೂ ಬಾಗುವುದಿಲ್ಲ. ರಟ್ಟೂ ಅಷ್ಟೇ. ಎಲ್ಲಿ ಸುಕ್ಕು ಬಿತ್ತೋ ಅಲ್ಲಿ ಗೆರೆ ತಿದ್ದಿ. ಈ ಕೆಲಸಕ್ಕೆ ಎಷ್ಟು ಹೊತ್ತು ಕೊಟ್ಟರೂ ಜಾಸ್ತಿಯಲ್ಲ.

ಪ್ಲೈವುಡ್ ತರಲು ಬೆಂಗಳೂರಿನ ಟಿಂಬರ್ ಯಾರ್ಡ್ ಲೇಔಟ್ ಕಡೆ ಹೋದಾಗ ‘ವಾಟರ್‌ಪ್ರೂಫ್’ ಅಂದ ಮಾತ್ರಕ್ಕೆ ಸುಮ್ನೆ ಕೊಳ್ಳಬೇಡಿ. ಹಾಳೆಯ ಮೇಲೆ ಐಎಸ್ 710 (ಮರೈನ್ ಪ್ಲೈವುಡ್‌ನ ಭಾರತೀಯ ಮಾನದಂಡ) ಮುದ್ರೆ ನೋಡಿ. ಇಷ್ಟು ಚಿಕ್ಕ ದೋಣಿಗೆ 6 ಮಿಮೀ ಸಾಕು. ಒಂದು ತುಂಡನ್ನು ಕೆಲವು ಗಂಟೆ ಕುದಿಸಿ ಒಣಗಿಸಿ. ಪದರ ಬಿಟ್ಟರೆ ಬೇಡವೇ ಬೇಡ.

ಸೀಟಿನ ಕೆಳಗೆ ನೀರು ನುಗ್ಗದ ಗಾಳಿ ಪೆಟ್ಟಿಗೆ ಕಡ್ಡಾಯ. ದೋಣಿ ಮಗುಚಿದರೂ ತೇಲಬೇಕು ಅಲ್ವಾ? ಲೈಫ್ ಜಾಕೆಟ್ ಇಲ್ಲದೆ ಮಕ್ಕಳನ್ನು ಹತ್ತಿಸಲೇಬೇಡಿ. ಅಪಾರ್ಟ್‌ಮೆಂಟ್‌ನವರು ಅಗಲ ನಿರ್ಧರಿಸುವ ಮೊದಲೇ ಬಾಗಿಲು, ಮೆಟ್ಟಿಲಿನ ತಿರುವು ಅಳೆದುಕೊಳ್ಳಿ.