ಇಂಟರ್‌ಕೂಲರ್ ಹಾಕಿದ ಲಾರಿಗೆ ಬೂಸ್ಟ್ ಪೈಪು ಎಲ್ಲಿಂದ?

ಗೊಬ್ಬರ ಹೇರಿಕೊಂಡು ಸಂಪಾಜೆ ಘಾಟಿ ಹತ್ತುವ ಟರ್ಬೊ ಡೀಸೆಲ್ ಲಾರಿಗೆ ಇಂಟರ್‌ಕೂಲರ್ (ಟರ್ಬೊ ಒತ್ತಿದ ಬಿಸಿ ಗಾಳಿಯನ್ನು ತಣಿಸುವ ಸಾಧನ) ಕೂರಿಸಿದ್ದೀರಾ? ಬೂಸ್ಟ್ (ಟರ್ಬೊ ಒತ್ತುವ ಗಾಳಿಯ ಒತ್ತಡ) ತೋರಿಸುವ ಗೇಜ್, ಸೆನ್ಸರ್, ಬೂಸ್ಟಿಗೆ ತಕ್ಕಂತೆ ಡೀಸೆಲ್ ಹೆಚ್ಚಿಸುವ ಪಂಪಿನ ಡಯಾಫ್ರಮ್ – ಈ ಮೂರರ ಪೈಪನ್ನೂ ಇಂಟೇಕ್ ಮ್ಯಾನಿಫೋಲ್ಡಿನಿಂದಲೇ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ತೆಗೆಯಿರಿ. ಎಂಜಿನ್ ಕುಡಿಯುವ ಗಾಳಿಯ ನಿಜವಾದ ಒತ್ತಡ ಸಿಗುವುದು ಅಲ್ಲೇ. ಕೂಲರ್ ದಾಟುವಷ್ಟರಲ್ಲಿ 1–2 ಪಿಎಸ್‌ಐ ಕಡಿಮೆಯಾಗುವುದು ಮಾಮೂಲು.

ವೇಸ್ಟ್‌ಗೇಟ್ (ಬೂಸ್ಟ್ ಹೆಚ್ಚಾದಾಗ ತೆರೆದು ಟರ್ಬೊ ವೇಗವನ್ನು ಹಿಡಿತದಲ್ಲಿಡುವ ಗೇಟ್) ಪೈಪು ಮಾತ್ರ ಟರ್ಬೊ ಗಾಳಿ ಹೊರಬಿಡುವ ಬಾಯಲ್ಲೇ, ಕೂಲರಿಗೆ ಮೊದಲೇ ಇರಲಿ. ಅದನ್ನೂ ಮ್ಯಾನಿಫೋಲ್ಡಿಗೆ ಕೊಟ್ಟರೆ, ಏರಿನಲ್ಲಿ ಕೂಲರ್ ಹೋಸ್ ಕಳಚಿಕೊಂಡಾಗ ಗೇಟ್ ತೆರೆಯುವುದೇ ಇಲ್ಲ. ಟರ್ಬೊ ಮಿತಿಮೀರಿ ತಿರುಗಿ ಹಾಳಾಗುತ್ತದೆ.

ಪೈಪು ಕೂರಿಸುವ ತೂತನ್ನು ಮ್ಯಾನಿಫೋಲ್ಡ್ ಬಿಚ್ಚಿಕೊಂಡೇ ಕೊರೆಯಿರಿ. ಲೋಹದ ಚೂರು ಒಳಗೆ ಬಿದ್ದರೆ ಎಂಜಿನ್ ಕಥೆ ಮುಗಿಯಿತು. ಜಾಗ ಮೇಲ್ಭಾಗದಲ್ಲಿರಲಿ, ಕೆಳಗಾದರೆ ಎಣ್ಣೆ, ಮಳೆಗಾಲದ ತೇವ ಇಳಿದು 4 ಮಿ.ಮೀ. ಪೈಪು ಕಟ್ಟಿಕೊಳ್ಳುತ್ತದೆ, ಗೇಜಿನ ಮುಳ್ಳು ತಡವಾಗಿ ಏಳುತ್ತದೆ. ಜೋಡಿಸಿದ ಮೇಲೆ ಸೋಪು ನೀರು ಹಚ್ಚಿ ಗುಳ್ಳೆ ನೋಡಿ.